ಸಾಕು ಮೊಲ ಕುಂಟುತ್ತಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಮೊಲಗಳಿವೆ. ಹೀಗಾಗಿ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಪರಿಚಯದವರ ಮನೆಯಲ್ಲಿ ಮೊಲವೊಂದು ಕಾಲೆತ್ತಿಕೊಂಡು ನಡೆಯತೊಡಗಿದರೆ ನಮಗೆ ಫೋನು ಬರುತ್ತದೆ. ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಅವೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಪಶುವೈದ್ಯನಲ್ಲ. ವೈದ್ಯರ ಬಳಿಗೆ ಯಾವಾಗ ಹೋಗಬೇಕು, ಅಲ್ಲಿ ಏನು ಕೇಳಬೇಕು, ಮರಳಿ ಬಂದ ಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬಷ್ಟಕ್ಕೆ ಈ ಬರಹ ಸೀಮಿತವಾಗಿದೆ.

ನಿನ್ನೆ ಸಂಜೆಯಿಂದ ಮೊಲ ಕುಂಟುತ್ತಿದೆ. ಇವತ್ತೇ ಒಯ್ಯಬೇಕೋ, ಎರಡು ದಿನ ನೋಡಬಹುದೋ?

ಮೊದಲು ಕಾಲನ್ನು ಬಿಟ್ಟು ಹುಲ್ಲಿನ ಬುಟ್ಟಿಯನ್ನೂ ಹಿಕ್ಕೆಯನ್ನೂ ನೋಡಿರಿ. ಮೊಲದ ಕರುಳು ಹಗಲು ರಾತ್ರಿ ನಡೆಯುತ್ತಲೇ ಇರಬೇಕಾದ ಗಿರಣಿಯಿದ್ದಂತೆ. ನೋವು ಹೆಚ್ಚಾದರೆ ಅದು ತಿನ್ನುವುದನ್ನು ಬಿಡುತ್ತದೆ, ತಿನ್ನುವುದು ನಿಂತರೆ ಕರುಳಿನ ಚಲನೆ ಮಂದವಾಗುತ್ತದೆ, ಒಳಗೆ ವಾಯು ತುಂಬಿ ನೋವು ಇಮ್ಮಡಿಯಾಗುತ್ತದೆ, ಆಗ ತಿನ್ನುವ ಮಾತೇ ಇರುವುದಿಲ್ಲ. ಕಾಲಿನ ಗಾಯದಿಂದ ಸಾಯದ ಮೊಲ ಈ ಸುಳಿಗೆ ಸಿಕ್ಕು ಒಂದೆರಡು ದಿನಗಳಲ್ಲಿ ಸಾಯುವುದುಂಟು.

ಆದ್ದರಿಂದ ನಾನು ಇಟ್ಟುಕೊಂಡಿರುವ ಕಟ್ಟಳೆ ಹೀಗಿದೆ. ಮೊಲ ಎಂದಿನಂತೆ ಹುಲ್ಲು ಮೇಯುತ್ತಿದ್ದು, ಹಿಕ್ಕೆ ಎಂದಿನ ಗಾತ್ರದಲ್ಲೇ ಬೀಳುತ್ತಿದ್ದು, ನೋಯುವ ಕಾಲನ್ನು ನೆಲಕ್ಕೆ ಊರುತ್ತಿದ್ದು, ಬಾವಾಗಲಿ ಗಾಯವಾಗಲಿ ಇಲ್ಲದಿದ್ದರೆ, ಅದನ್ನು ಚಿಕ್ಕ ಜಾಗದಲ್ಲಿ ಕೂಡಿಟ್ಟು 24 ತಾಸು ಗಮನಿಸಬಹುದು. ಅಷ್ಟರಲ್ಲಿ ಸುಧಾರಿಸದಿದ್ದರೆ ಒಯ್ಯಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅಂದೇ ಹೊರಡಬೇಕು. ಎರಡು ದಿನ ಎಂಬುದು ನಾಯಿಯ ಲೆಕ್ಕ.

ರಾತ್ರಿಯಾದರೂ ಕಾಯಬಾರದಂಥ ಲಕ್ಷಣಗಳು ಯಾವುವು?

12 ತಾಸಿನಿಂದ ಏನನ್ನೂ ತಿಂದಿಲ್ಲ ಅಥವಾ ಹಿಕ್ಕೆಯನ್ನೇ ಹಾಕಿಲ್ಲ ಎಂಬುದು ಮೊದಲನೆಯದು. ಹಿಂಗಾಲೆರಡನ್ನೂ ಎಳೆದುಕೊಂಡು ಹೋಗುವುದು, ಕಾಲು ಜೋತಾಡುವುದು, ಎಲುಬು ಹೊರಗೆ ಕಾಣುವುದು, ಅರಿವಿಲ್ಲದೆ ಮೂತ್ರ ಸೋರುವುದು, ಬಾಯಿ ತೆರೆದು ಉಸಿರಾಡುವುದು ಇವೆಲ್ಲವೂ ತುರ್ತಿನವೇ. ಬೆಕ್ಕು ಅಥವಾ ನಾಯಿ ಕಚ್ಚಿದ್ದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ಒಳಗೆ ಕೀವಾಗುವ ಸಂಭವ ಹೆಚ್ಚು. ಮೊಲದ ಮೈಶಾಖ ಸಾಮಾನ್ಯವಾಗಿ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದು 38ಕ್ಕಿಂತ ಕೆಳಗಿಳಿದು ಕಿವಿ ತಣ್ಣಗಾಗಿದ್ದರೆ ಬಟ್ಟೆ ಸುತ್ತಿ, ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಮುಚ್ಚಿ ಪಕ್ಕದಲ್ಲಿಟ್ಟುಕೊಂಡೇ ಹೊರಡಿರಿ.

ಓಡಾಡುತ್ತಿದೆ, ಕೂಗುವುದಿಲ್ಲ. ಅಂದಮೇಲೆ ನೋವಿಲ್ಲವೆಂದು ತಿಳಿಯಬಹುದಲ್ಲವೇ?

ತಿಳಿಯಬಾರದು. ಬೇಟೆಗೆ ಗುರಿಯಾಗುವ ಪ್ರಾಣಿಯು ತನ್ನ ಅಶಕ್ತತೆಯನ್ನು ತೋರಗೊಡುವುದಿಲ್ಲ. ಮೊಲವೊಂದು ನಮ್ಮ ಕಣ್ಣಿಗೆ ಬೀಳುವಂತೆ ಕುಂಟುತ್ತಿದೆಯೆಂದರೆ ಮುಚ್ಚಿಡುವ ಹಂತವನ್ನು ಅದು ಆಗಲೇ ದಾಟಿದೆ. ಅರ್ಧ ಮುಚ್ಚಿದ ಕಣ್ಣು, ಹಿಂದಕ್ಕೆ ಒತ್ತಿಕೊಂಡ ಕಿವಿ, ಚಪ್ಪಟೆಯಾದ ಕೆನ್ನೆ, ಮೂಲೆಯಲ್ಲಿ ಮುದುಡಿ ಕೂರುವುದು, ಗಟ್ಟಿಯಾಗಿ ಹಲ್ಲು ಕಡಿಯುವುದು ಇವು ನೋವಿನ ಗುರುತುಗಳು. ತಲೆ ಸವರಿದಾಗ ಮೆಲ್ಲಗೆ ಹಲ್ಲು ಮಸೆಯುವುದು ಬೇರೆ, ಅದು ಹಿತವಾದಾಗಿನ ಸದ್ದು. ಒಮ್ಮೆ ಕೇಳಿದವರಿಗೆ ಎರಡರ ವ್ಯತ್ಯಾಸ ಮರೆಯುವುದಿಲ್ಲ.

ಒಯ್ಯುವ ಮೊದಲು ಮನೆಯಲ್ಲಿ ಏನನ್ನು ಪರೀಕ್ಷಿಸಬಹುದು?

ಮುಟ್ಟುವ ಮೊದಲು ಹತ್ತು ನಿಮಿಷ ದೂರದಿಂದ ನೋಡಿರಿ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿರಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಮೊಲ ಕಲ್ಲಿನಂತೆ ಕೂತುಬಿಡುವುದರಿಂದ ಅದು ಹೇಗೆ ಕುಂಟುತ್ತದೆಂಬುದು ವೈದ್ಯರಿಗೆ ಕಾಣಸಿಗುವುದೇ ಕಷ್ಟ. ನಂತರ ನೆಲದ ಮೇಲೆ ನೀವೇ ಕೂತು, ತೊಡೆಯ ಮೇಲೆ ಟವೆಲು ಹಾಸಿ, ಒಬ್ಬರು ಎದೆಯನ್ನೂ ಹಿಂಭಾಗವನ್ನೂ ಆನಿಸಿ ಹಿಡಿದಿರಲು ಇನ್ನೊಬ್ಬರು ಒಂದೊಂದೇ ಪಾದವನ್ನು ನೋಡಬೇಕು. ಉಗುರುಗಳನ್ನು ಎಣಿಸಿ, ಬೆರಳುಗಳ ಸಂದಿಯನ್ನೂ ಹಿಂಗಾಲಿನ ಹಿಮ್ಮಡಿಯ ಕೂದಲನ್ನೂ ಸರಿಸಿ ನೋಡಿ, ಎಡ ಬಲ ಕಾಲುಗಳನ್ನು ಹೋಲಿಸಿರಿ. ಕೀಲುಗಳನ್ನು ಎಳೆದು ಮಡಚಿ ನೋಡಬಾರದು. ಅಂಗಾತ ಮಲಗಿಸಿದರೆ ಮೊಲ ಸುಮ್ಮನಾಗುತ್ತದೆ ಎಂದು ಹೇಳುವವರಿದ್ದಾರೆ. ಅದು ಭಯದಿಂದ ಮರಗಟ್ಟಿದ ಸ್ಥಿತಿಯೇ ಹೊರತು ನೆಮ್ಮದಿಯಲ್ಲ.

ನಮ್ಮ ಬಿಳಿ ಹೆಣ್ಣು ಮೊಲ ಒಂದು ಬೆಳಿಗ್ಗೆ ಮುಂಗಾಲನ್ನು ಎದೆಗೆ ಒತ್ತಿಕೊಂಡು ಕೂತಿತ್ತು. ಎಲುಬೇ ಮುರಿಯಿತೆಂದು ಎಲ್ಲರೂ ಗಾಬರಿಯಾದೆವು. ಪಾದವನ್ನು ಬೆಳಕಿಗೆ ಹಿಡಿದಾಗ ಎರಡನೆಯ ಬೆರಳಿನ ಬುಡಕ್ಕೆ ಕೆಂಪು ನೂಲೊಂದು ಮೂರು ಸುತ್ತು ಬಿಗಿದುಕೊಂಡಿತ್ತು, ಬೆರಳು ಹುಣಸೆಬೀಜದಂತೆ ಊದಿತ್ತು. ಅವ್ವ ಹೊಲಿದ ಹಳೆಯ ಕೌದಿಯನ್ನು ಹಾಸಿದ್ದೆವು, ಅದರ ಹೊಲಿಗೆ ಬಿಚ್ಚಿತ್ತು. ಉಗುರು ಕತ್ತರಿಯಿಂದ ನೂಲನ್ನು ಕತ್ತರಿಸಿ ತೆಗೆದ ಮೇಲೆ ಮಧ್ಯಾಹ್ನದೊಳಗೆ ಬಾವು ಇಳಿಯತೊಡಗಿತು. ಬೆರಳು ಕಪ್ಪಾಗಿದ್ದರೆ ವೈದ್ಯರ ಬಳಿ ಹೋಗದೆ ಗತಿಯಿರಲಿಲ್ಲ.

ಮೊಲ ಕುಂಟುವುದಕ್ಕೆ ಸಾಮಾನ್ಯ ಕಾರಣಗಳೇನು?

ಚಿಕ್ಕವೂ ಇವೆ, ದೊಡ್ಡವೂ ಇವೆ. ಉಗುರು ಕಿತ್ತುಹೋಗುವುದು, ಮುಳ್ಳು ಚುಚ್ಚುವುದು, ಜಿಗಿಯುವಾಗ ಉಳುಕುವುದು ಚಿಕ್ಕವು.

ಎಲುಬು ಮುರಿಯುವುದನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮೊಲದ ಎಲುಬುಗಳೆಲ್ಲ ಸೇರಿ ಅದರ ದೇಹತೂಕದ ಶೇಕಡಾ 7-8ರಷ್ಟು ಮಾತ್ರ, ಬೆಕ್ಕಿನಲ್ಲಿ ಇದು 12-13ರಷ್ಟಿರುತ್ತದೆ. ಇಷ್ಟು ಹಗುರವಾದ ಎಲುಬಿನ ಮೇಲೆ ಜಿಗಿಯಲೆಂದೇ ಬೆಳೆದ ಬಲವಾದ ತೊಡೆಯ ಸ್ನಾಯುಗಳಿವೆ. ಮಗುವೊಂದು ಕಂಕುಳ ಕೆಳಗೆ ಹಿಡಿದು ಎತ್ತಿದಾಗ ಹಿಂಭಾಗಕ್ಕೆ ಆಸರೆ ಸಿಗದೆ ಮೊಲ ಗಾಳಿಯಲ್ಲಿ ಒದ್ದರೆ, ಆ ಒದೆತದ ರಭಸಕ್ಕೇ ಸೊಂಟದ ಬೆನ್ನುಮಣಿ ಮುರಿಯಬಹುದು. ಹಿಂಗಾಲೆರಡೂ ಒಮ್ಮೆಲೇ ಸೋತರೆ ಮೊದಲು ಇದನ್ನು ಸಂಶಯಿಸಬೇಕು.

ನಮ್ಮ ಭಾಗದಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಪಾದದ ಹುಣ್ಣು. ನಾಯಿ ಬೆಕ್ಕುಗಳಿಗಿರುವಂತೆ ಮೊಲದ ಪಾದಕ್ಕೆ ಮೆತ್ತೆಯಿಲ್ಲ, ಕೂದಲೇ ಅದರ ಪಾದರಕ್ಷೆ. ಅಂಗಡಿಯಲ್ಲಿ ಸಿಗುವ ತಂತಿಯ ಪಂಜರದಲ್ಲಿ ತಿಂಗಳಾನುಗಟ್ಟಲೆ ನಿಂತರೆ, ಅಥವಾ ಮೂತ್ರದ ಒದ್ದೆಯಲ್ಲೇ ಕೂತರೆ, ಹಿಮ್ಮಡಿಯ ಕೂದಲು ಸವೆದು ಚರ್ಮ ಕೆಂಪಾಗಿ, ಬಿರಿದು, ಕೊನೆಗೆ ಸೋಂಕು ಎಲುಬಿನವರೆಗೆ ಇಳಿಯುತ್ತದೆ. ತೂಕ ಹೆಚ್ಚಿರುವ, ಉಗುರು ಬೆಳೆದಿರುವ ಮೊಲಗಳಿಗೆ ಇದು ಬೇಗ ಬರುತ್ತದೆ. ಕೂದಲು ಸವೆದ ಹಂತದಲ್ಲೇ ಹಾಸಿಗೆ ಬದಲಿಸಿದರೆ ವಾರಗಳಲ್ಲಿ ಗುಣವಾಗುವ ತೊಂದರೆ, ಬಿರಿದ ಮೇಲೆ ತಿಂಗಳುಗಳನ್ನು ತಿನ್ನುತ್ತದೆ.

ಕಾಲ್ಬೆರಳು, ಮೂಗು, ಕಿವಿಯಂಚುಗಳ ಮೇಲೆ ಬೂದಿಬಣ್ಣದ ಹಕ್ಕಳೆ ಕಟ್ಟಿದ್ದರೆ ಅದು ನುಸಿಯಿಂದ ಬರುವ ಕಜ್ಜಿ. ಪಾದ ಕೊಡವುತ್ತ ನಡೆಯುವ ಇಂಥ ಮೊಲವನ್ನು ಕುಂಟುತ್ತಿದೆಯೆಂದು ತರುತ್ತಾರೆ. ವೈದ್ಯರು ಸಾಮಾನ್ಯವಾಗಿ ಐವರ್ಮೆಕ್ಟಿನ್ ಕೊಟ್ಟು ಗುಣಪಡಿಸುತ್ತಾರೆ. ಮನೆಯವರಿಗೂ ತುರಿಕೆ ಹತ್ತಬಹುದು, ಕೈ ತೊಳೆದುಕೊಳ್ಳಿರಿ. ನಾಯಿಯ ಉಣ್ಣೆಗೆ ಬಳಸುವ ಫಿಪ್ರೊನಿಲ್ ಔಷಧವನ್ನು ಮೊಲಕ್ಕೆ ಹಾಕಲೇಬಾರದು, ಅದು ವಿಷವಾಗಿ ಪರಿಣಮಿಸುತ್ತದೆ.

ಕೀವುಗಡ್ಡೆಯಾದರೆ ಮೊಲದ ಕೀವು ಗಟ್ಟಿ ಬೆಣ್ಣೆಯಂತಿರುವುದರಿಂದ ಚುಚ್ಚಿ ಹಿಂಡಿದರೆ ಬರುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮೊಲಗಳು 8ರಿಂದ 12 ವರ್ಷ ಬದುಕಬಲ್ಲವಾದ್ದರಿಂದ, ಆರು ವರ್ಷ ದಾಟಿದವು ಬೆಳಗಿನ ಹೊತ್ತು ಬಿಗಿಬಿಗಿಯಾಗಿ ನಡೆಯುವುದು ಸಂಧಿವಾತದಿಂದಲೂ ಇರಬಹುದು. ಹಿಂಗಾಲು ದಿನದಿಂದ ದಿನಕ್ಕೆ ಬಲಗುಂದುತ್ತ, ಜೊತೆಗೆ ತಲೆಯೂ ಒಂದು ಕಡೆಗೆ ವಾಲಿದರೆ, ಮಿದುಳು ಮತ್ತು ಮೂತ್ರಪಿಂಡಗಳನ್ನು ಕಾಡುವ ಎನ್ಸೆಫಾಲಿಟೊಝೂನ್ ಎಂಬ ಸೂಕ್ಷ್ಮಜೀವಿಯ ಸೋಂಕನ್ನು ವೈದ್ಯರು ಸಂಶಯಿಸುತ್ತಾರೆ. ಅದಕ್ಕೆ ಫೆನ್‌ಬೆಂಡಜೋಲ್ ಔಷಧವನ್ನು 28 ದಿನಗಳವರೆಗೆ ಕೊಡುವ ರೂಢಿಯಿದೆ.

ಮನೆಯಲ್ಲಿರುವ ನೋವಿನ ಗುಳಿಗೆಯನ್ನು ಚೂರು ಮಾಡಿ ಕೊಡಬಹುದೇ?

ಕೊಡಬಾರದು. ಮನುಷ್ಯರ ಡೈಕ್ಲೋಫೆನಾಕ್, ಐಬುಪ್ರೊಫೆನ್ ಗುಳಿಗೆಗಳನ್ನು ಅಂದಾಜಿನ ಮೇಲೆ ಕೊಟ್ಟರೆ ಹೊಟ್ಟೆ ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ಪಶುವೈದ್ಯರು ಮೊಲಕ್ಕೆ ಹೆಚ್ಚಾಗಿ ಬಳಸುವುದು ಮೆಲಾಕ್ಸಿಕ್ಯಾಮ್. ಅದನ್ನು ಮೊಲದ ದೇಹ ನಾಯಿಗಿಂತ ಬೇಗ ಕರಗಿಸಿಬಿಡುವುದರಿಂದ ನಾಯಿಯ ಅಳತೆ ಇದಕ್ಕೆ ಹೊಂದುವುದಿಲ್ಲ. ತೂಕ ನೋಡಿ ವೈದ್ಯರೇ ಬರೆದುಕೊಡಬೇಕು.

ಪ್ರತಿಜೈವಿಕಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಇವು ಬಾಯಿಯ ಮೂಲಕ ಹೊಟ್ಟೆಗೆ ಹೋದರೆ ಕರುಳಿನ ಉಪಯುಕ್ತ ಜೀವಾಣುಗಳು ಸತ್ತು, ವಿಷ ಉಂಟುಮಾಡುವವು ಬೆಳೆದು, ಮೊಲ ಭೇದಿಯಿಂದ ಸಾಯಬಹುದು. ಹಲವು ವರ್ಷಗಳ ಹಿಂದೆ ಒಂದು ಕಡೆ ನಮ್ಮ ಗಂಡು ಮೊಲದ ಪಾದದ ಹುಣ್ಣಿಗೆ ಅಮಾಕ್ಸಿಸಿಲಿನ್ ಸಿರಪ್ ಬರೆದುಕೊಟ್ಟರು. ನಾನೂ ಕೇಳದೆ ಕುಡಿಸಿದೆ. ಹುಣ್ಣು ಒಣಗುವ ಮೊದಲೇ ಮೊಲ ಹೋಯಿತು. ಅಂದಿನಿಂದ ಔಷಧದ ಹೆಸರನ್ನು ಓದಿ, ಇದನ್ನು ಮೊಲಕ್ಕೆ ಬಾಯಿಯಿಂದ ಕೊಡಬಹುದೇ ಎಂದು ಕೇಳದೆ ಚೀಟಿ ಹಿಡಿದು ಹೊರಬರುವುದಿಲ್ಲ. ಎನ್‌ರೊಫ್ಲಾಕ್ಸಸಿನ್ ಮತ್ತು ಸಲ್ಫಾ-ಟ್ರೈಮಿಥೊಪ್ರಿಮ್ ಮೊಲಗಳಿಗೆ ಬಹುಮಟ್ಟಿಗೆ ಒಗ್ಗುತ್ತವೆ. ಪೆನಿಸಿಲಿನ್ನನ್ನು ಸೂಜಿಯ ಮೂಲಕ ಕೊಡುವ ಪದ್ಧತಿಯೂ ಇರುವುದರಿಂದ, ಕೇಳಬೇಕಾದುದು ಔಷಧದ ಹೆಸರನ್ನಷ್ಟೇ ಅಲ್ಲ, ಕೊಡುವ ದಾರಿಯನ್ನೂ.

ಬಿದಿರಿನ ದಬ್ಬೆ ಇಟ್ಟು ಕಟ್ಟಿದರೆ, ಎಣ್ಣೆ ಹಚ್ಚಿ ತಿಕ್ಕಿದರೆ ಸರಿಹೋಗುವುದಿಲ್ಲವೇ?

ಕರುವಿಗೋ ಆಡಿಗೋ ದಬ್ಬೆ ಕಟ್ಟಿ ರೂಢಿಯಿರುವವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ಅವರ ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಮೊಲದ ಕಾಲು ಮಾತ್ರ ಪೆನ್ಸಿಲ್ಲಿನಷ್ಟು ತೆಳ್ಳಗಿದ್ದು, ತೊಡೆ ಶಂಕುವಿನಂತೆ ಅಗಲವಾಗಿರುವುದರಿಂದ ಕಟ್ಟು ಜಾರುತ್ತದೆ. ಜಾರದಂತೆ ಬಿಗಿದರೆ ರಕ್ತಸಂಚಾರ ನಿಂತು ಪಾದ ಕೊಳೆಯುತ್ತದೆ. ತಿಕ್ಕುವುದರಿಂದ ಮುರಿದ ಎಲುಬಿನ ತುದಿ ಮಾಂಸವನ್ನು ಹರಿಯಬಹುದು. ಹಚ್ಚಿದ ಎಣ್ಣೆ, ಮುಲಾಮುಗಳನ್ನು ಮೊಲ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ.

ಈ ಭಾಗದಲ್ಲಿ ಎಲ್ಲಿಗೆ ಒಯ್ಯುವುದು? ದನದ ದವಾಖಾನೆಯಲ್ಲಿ ಮೊಲವನ್ನು ನೋಡುತ್ತಾರೆಯೇ?

ಜನ ದನದ ದವಾಖಾನೆ ಎಂದು ಕರೆಯುವ ಸರ್ಕಾರಿ ಪಶು ಆಸ್ಪತ್ರೆಗೆ ಸಂಕೋಚವಿಲ್ಲದೆ ಹೋಗಬಹುದು. ಅಲ್ಲಿಯ ವೈದ್ಯರು ದಿನವಿಡೀ ಎಮ್ಮೆ, ಎತ್ತು, ಕುರಿಗಳನ್ನು ನೋಡುವವರಾದರೂ ಗಾಯ ತೊಳೆಯುವುದು, ನೋವಿನ ಸೂಜಿ, ಕಜ್ಜಿಯ ಚಿಕಿತ್ಸೆಗಳಿಗೆ ಅಷ್ಟು ಸಾಕು. ಎಲುಬಿನ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಚಿಕ್ಕ ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವವರು ಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ನಾಯಿ ಬೆಕ್ಕುಗಳ ಖಾಸಗಿ ಚಿಕಿತ್ಸಾಲಯಗಳಿವೆ. ಗದಗಿನಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಮಹಾವಿದ್ಯಾಲಯವಿದ್ದು, ಅಲ್ಲಿ ವಿಚಾರಿಸುವುದೂ ಒಳ್ಳೆಯದು. ಹಾವೇರಿಯವರಿಗೆ ಹುಬ್ಬಳ್ಳಿ ಸುಮಾರು 75 ಕಿ.ಮೀ. ದೂರವಾಗುವುದರಿಂದ ಮೊದಲು ಊರಿನ ಪಶು ಆಸ್ಪತ್ರೆಯಲ್ಲಿ ನೋವಿಗೆ ಸೂಜಿ ಹಾಕಿಸಿಕೊಂಡು ಮುಂದೆ ಹೊರಡುವುದು ಸೂಕ್ತ. 1962 ಸಂಖ್ಯೆಯ ಪಶು ಸಹಾಯವಾಣಿ ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವುದಾದರೂ ಹತ್ತಿರದ ಆಸ್ಪತ್ರೆಯನ್ನು ಕೇಳಿ ತಿಳಿಯಲು ಉಪಯೋಗಕ್ಕೆ ಬರುತ್ತದೆ.

ಹೋಗುವ ಮೊದಲು ಫೋನಿನಲ್ಲಿ, ವರ್ಷಕ್ಕೆ ಎಷ್ಟು ಮೊಲಗಳನ್ನು ನೋಡುತ್ತೀರಿ ಸರ್, ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸ ಇಡಬೇಕೇ ಎಂದು ವಿನಯದಿಂದ ಕೇಳಿರಿ. ಎರಡನೆಯ ಪ್ರಶ್ನೆಯ ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಹೀಗಾಗಿ ನಾಯಿಯಂತೆ ರಾತ್ರಿಯಿಡೀ ಉಪವಾಸ ಕೆಡವುವ ಅಗತ್ಯವಿಲ್ಲ, ಕೆಡವಿದರೆ ಕರುಳು ನಿಲ್ಲುವ ಅಪಾಯವೇ ಹೆಚ್ಚು. ಕೆಲವು ವೈದ್ಯರು ನನಗೆ ಮೊಲದ ಅನುಭವ ಕಡಿಮೆ ಎಂದು ನೇರವಾಗಿ ಹೇಳುತ್ತಾರೆ. ಅಂಥವರ ಮೇಲೆ ನನಗೆ ಗೌರವ ಹೆಚ್ಚು, ಏಕೆಂದರೆ ಅವರು ತಿಳಿದವರಿಗೆ ಫೋನು ಮಾಡಿ ಕೇಳಿಯೇ ಮುಂದುವರಿಯುತ್ತಾರೆ.

ಒಯ್ಯುವಾಗ ಏನು ಎಚ್ಚರ ವಹಿಸಬೇಕು?

ಗಾಳಿಯಾಡುವ, ಮುಚ್ಚಳವಿರುವ ಗಟ್ಟಿ ಬುಟ್ಟಿಯಲ್ಲಿ ಜಾರದಂತೆ ದಪ್ಪ ಟವೆಲು ಹಾಸಿ, ಹಿಡಿ ಹುಲ್ಲು ಇಟ್ಟು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರಿರಿ. ಆಟೋ ಚಾಲಕರಿಗೆ ಹಂಪುಗಳಲ್ಲಿ ನಿಧಾನಿಸಲು ಮೊದಲೇ ಹೇಳಿರಿ. ಮೊಲ ಬೆವರುವ ಪ್ರಾಣಿಯಲ್ಲ, 30 ಡಿಗ್ರಿ ದಾಟಿದ ಶಾಖವೇ ಅದಕ್ಕೆ ಕಷ್ಟ. ಗದಗಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಮಧ್ಯಾಹ್ನದ ಪ್ರಯಾಣವನ್ನು ತಪ್ಪಿಸಿ, ತಪ್ಪಿಸಲಾಗದಿದ್ದರೆ ತಣ್ಣೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿರಿ. ಜೊತೆಯ ಮೊಲವಿದ್ದರೆ ಅದನ್ನೂ ಒಯ್ದರೆ ಧೈರ್ಯವಾಗಿರುತ್ತದೆ.

ಎಕ್ಸ್-ರೇ ಬೇಕೇ ಬೇಕೇ?

ಕಾಲು ಊರುತ್ತಿಲ್ಲವಾದರೆ, ಬಾವಿದ್ದರೆ, ಅಥವಾ ಹುಣ್ಣು ಆಳವಾಗಿ ಎಲುಬಿಗೆ ತಗುಲಿರುವ ಸಂಶಯವಿದ್ದರೆ ಬೇಕು. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಹೀಗೆ ಎರಡು ಕೋನಗಳಲ್ಲಿ ತೆಗೆಸಬೇಕು. ಒಂದೇ ಕೋನದಲ್ಲಿ ಕಾಣದ ಬಿರುಕು ಇನ್ನೊಂದರಲ್ಲಿ ಕಾಣುತ್ತದೆ. ಉಗುರು ಕಿತ್ತದ್ದಕ್ಕೂ ಕಜ್ಜಿಗೂ ಬೇಡ.

ಎಲುಬು ಮುರಿದಿದೆ ಎಂದರು. ಈಗ ಏನನ್ನು ಆರಿಸಿಕೊಳ್ಳಬೇಕು?

ಇದು ಮುರಿತ ಎಲ್ಲಿದೆ, ಮೊಲದ ವಯಸ್ಸೆಷ್ಟು, ಮಾಡುವ ಕೈ ಯಾವುದು ಎಂಬ ಮೂರರ ಮೇಲೆ ನಿಂತಿದೆ. ಪಾದದ ಚಿಕ್ಕ ಎಲುಬುಗಳು, ಸ್ಥಾನ ತಪ್ಪದ ಬಿರುಕುಗಳು ಚಿಕ್ಕ ಪಂಜರದ ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತವೆ. ಮರಿಗಳಲ್ಲಿ ಮೂರ್ನಾಲ್ಕು ವಾರ, ಬೆಳೆದವುಗಳಲ್ಲಿ ಆರರಿಂದ ಎಂಟು ವಾರ ಹಿಡಿಯಬಹುದು. ಮೊಣಕಾಲಿನ ಕೆಳಗಿನ ಉದ್ದ ಎಲುಬು ತುಂಡಾಗಿ ಸರಿದಿದ್ದರೆ ಒಳಗೆ ಸರಳು ಹಾಕುವುದು ಅಥವಾ ಹೊರಗಿನಿಂದ ಚೌಕಟ್ಟು ಕೂರಿಸುವುದು ಒಳ್ಳೆಯ ದಾರಿಯಾದರೂ, ತೆಳ್ಳಗಿನ ಎಲುಬು ಮತ್ತೆ ಸೀಳುವ ಸಂಭವವಿರುವುದರಿಂದ ಅಭ್ಯಾಸವಿಲ್ಲದವರಿಂದ ಮಾಡಿಸಬಾರದು.

ಕಾಲು ತೆಗೆಯುವುದು ಎಂದೊಡನೆ ಮನೆಯಲ್ಲಿ ಅಳು ಆರಂಭವಾಗುತ್ತದೆ. ಆದರೆ ಎಲುಬು ಚೂರುಚೂರಾದಾಗ, ಗಾಯದಲ್ಲಿ ಸೋಂಕು ಸೇರಿದಾಗ, ಎರಡು ಮೂರು ಸಲ ಅರಿವಳಿಕೆ ಕೊಟ್ಟು ಉಳಿಸಲು ಹೆಣಗುವುದಕ್ಕಿಂತ ಒಂದೇ ಸಲ ಕಾಲು ತೆಗೆಸಿ ನೋವನ್ನು ಮುಗಿಸುವುದು ಮೊಲಕ್ಕೆ ಹಗುರ ಎಂಬುದು ನನ್ನ ಅಭಿಪ್ರಾಯ. ಉಳಿದ ಪಾದಗಳು ಆರೋಗ್ಯವಾಗಿದ್ದು, ತೂಕ ಮಿತಿಯಲ್ಲಿದ್ದರೆ, ಮೂರು ಕಾಲಿನ ಮೊಲ ಚೆನ್ನಾಗಿಯೇ ಬದುಕುತ್ತದೆ. ಹಿಂಗಾಲು ಹೋದದ್ದಕ್ಕೆ ಆ ಬದಿಯ ಕಿವಿಯನ್ನು ಕೆರೆದುಕೊಳ್ಳಲು ಬಾರದು, ಅಷ್ಟನ್ನು ನೀವು ಮಾಡಿಕೊಡಬೇಕು.

ಖರ್ಚಿನ ಮಾತನ್ನು ಆಡಲು ನಾಚಬಾರದು. ಸಮಾಲೋಚನೆ, ಎಕ್ಸ್-ರೇ, ಅರಿವಳಿಕೆ, ಶಸ್ತ್ರಚಿಕಿತ್ಸೆ, ಔಷಧ, ಮರುಭೇಟಿ ಇವನ್ನು ಬಿಡಿಬಿಡಿಯಾಗಿ ಕೇಳಿ ಬರೆದುಕೊಳ್ಳಿರಿ. ಇನ್ನೂರೋ ಮುನ್ನೂರೋ ಕೊಟ್ಟು ತಂದ ಮೊಲಕ್ಕೆ ಸಾವಿರಾರು ರೂಪಾಯಿ ಯಾಕೆ ಎನ್ನುವ ನೆಂಟರು ಎಲ್ಲರ ಮನೆಯಲ್ಲೂ ಇದ್ದಾರೆ. ದೊಡ್ಡ ಚಿಕಿತ್ಸೆ ಕೈಗೆಟುಕದಿದ್ದರೆ ವೈದ್ಯರಿಗೆ ಹಾಗೆಂದು ಹೇಳಿ, ಇಷ್ಟರೊಳಗೆ ನೋವು ಕಡಿಮೆ ಮಾಡಲು ಏನು ಮಾಡಬಹುದು ಎಂದು ಕೇಳಿರಿ. ನೋವಿನ ಔಷಧ ಅಗ್ಗವಾದುದು, ಅದನ್ನು ಮಾತ್ರ ಕೈಬಿಡಬಾರದು.

ನೋವಿಲ್ಲದೆ ಸಾವು ತರುವ ನಿದ್ದೆಯ ಸೂಜಿ ಕೊಡಿಸುವ ವಿಚಾರ ಯಾವಾಗ ಮಾಡಬೇಕು?

ಬೆನ್ನುಮಣಿ ಮುರಿದು, ಹಿಂಗಾಲುಗಳಲ್ಲಿ ಆಳದ ನೋವಿನ ಅರಿವೂ ಇಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳಿದರೆ ಚೇತರಿಕೆಯ ಆಸೆ ತೀರಾ ಕಡಿಮೆ. ಮೂತ್ರಕೋಶವನ್ನು ದಿನಕ್ಕೆ ಹಲವು ಸಲ ಕೈಯಿಂದ ಒತ್ತಿ ಖಾಲಿ ಮಾಡಬೇಕಾಗುತ್ತದೆ, ಮಳೆಗಾಲದಲ್ಲಿ ಒದ್ದೆಯಾದ ಹಿಂಭಾಗಕ್ಕೆ ನೊಣ ಕೂತು ಒಂದೇ ದಿನದಲ್ಲಿ ಹುಳು ಬೀಳುತ್ತವೆ. ಆರೈಕೆ ಮಾಡುವ ಕೈ ಮನೆಯಲ್ಲಿ ಹಗಲೆಲ್ಲ ಇಲ್ಲದಿದ್ದರೆ ಬಿಡುಗಡೆ ಕೊಡಿಸುವುದು ಪಾಪವೆಂದು ನಾನು ತಿಳಿಯುವುದಿಲ್ಲ. ಕೆಲವು ದಿನ ಬಾವು ಇಳಿಸುವ ಚಿಕಿತ್ಸೆ ಕೊಟ್ಟು ನೋಡಿ, ಆಮೇಲೆ ನಿರ್ಧರಿಸಬಹುದೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಮನೆಗೆ ತಂದ ಮೇಲೆ ತಿನ್ನುತ್ತಿಲ್ಲ. ಏನು ಕೊಡಲಿ?

ಮೊದಲು ಹೊಟ್ಟೆಯನ್ನು ಮುಟ್ಟಿ ನೋಡಿರಿ. ಡೊಳ್ಳಿನಂತೆ ಬಿಗಿದಿದ್ದರೆ ಬಾಯಿಗೆ ಏನನ್ನೂ ಹಾಕದೆ ವೈದ್ಯರಿಗೆ ಫೋನು ಮಾಡಿರಿ. ಮೆತ್ತಗಿದ್ದರೆ ಮೊಲದ ಪೆಲೆಟ್‌ಗಳನ್ನು (ಒಣ ಮೇವಿನ ಚಿಕ್ಕ ಉಂಡೆಗಳನ್ನು) ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಅಂಬಲಿಯಂತೆ ನುಣ್ಣಗೆ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದ ಸಂದಿಯಲ್ಲಿ ಒಂದೊಂದೇ ಮಿ.ಲೀ. ಹಾಕಿ, ಅಗಿದು ನುಂಗುವವರೆಗೆ ಕಾಯಬೇಕು. ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 50 ಮಿ.ಲೀ.ಯಷ್ಟನ್ನು ನಾಲ್ಕೈದು ಸಲಕ್ಕೆ ಹಂಚಿ ಕೊಡುವುದು ವಾಡಿಕೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಡಿರಿ.

ಜೊತೆಗೆ ಎಟುಕುವ ದೂರದಲ್ಲೇ ಹಸಿ ಕರಕಿ ಹುಲ್ಲು, ಕೊತ್ತಂಬರಿ, ಮೂಲಂಗಿ ಎಲೆ ಇಡಿರಿ. ಕುದುರೆಮಸಾಲೆ ಸೊಪ್ಪಿಗೆ ಮೊಲ ಬೇಗ ಬಾಯಿ ಹಾಕುತ್ತದೆಯಾದರೂ ಅದರಲ್ಲಿ ಸುಣ್ಣದಂಶ ಹೆಚ್ಚಿರುವುದರಿಂದ ಬೆಳೆದ ಮೊಲಕ್ಕೆ ಹಸಿವು ತರಿಸುವಷ್ಟು ಮಾತ್ರ ಸಾಕು. ರೊಟ್ಟಿ, ಬಿಸ್ಕೀಟು ಬೇಡ. ಎಳೆಯ ಜೋಳದ ಕುಡಿಯನ್ನಂತೂ ಹಾಕಲೇಬಾರದು. ಅದನ್ನು ಮೇಯ್ದ ದನ ವಿಷವೇರಿ ಬೀಳುವುದು ಈ ಸೀಮೆಯ ರೈತರಿಗೆ ಗೊತ್ತಿರುವ ಸಂಗತಿಯೇ. ಬೂಸ್ಟು ಹಿಡಿದ ಶೇಂಗಾ ಹೊಟ್ಟೂ ಅಷ್ಟೇ ಅಪಾಯ.

ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದು ಸಹಜ. ಕಾಲು ನೋಯುವ ಮೊಲಕ್ಕೆ ಬಾಗಿ ಅದನ್ನು ತಿನ್ನಲಾಗುವುದಿಲ್ಲ, ಅದು ಬಾಲದಡಿಯಲ್ಲಿ ಮೆತ್ತಿಕೊಳ್ಳುತ್ತದೆ. ದಿನಕ್ಕೆರಡು ಸಲ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿರಿ, ಪೂರ್ತಿ ಸ್ನಾನ ಮಾಡಿಸಬೇಡಿರಿ.

ನೆಲಕ್ಕೆ ಏನು ಹಾಸಬೇಕು?

ನುಣುಪು ಟೈಲ್ಸು, ಪಾಲಿಶ್ ಮಾಡಿದ ಕಲ್ಲು ಎರಡರ ಮೇಲೂ ಮೊಲ ಜಾರುತ್ತದೆ. ಬಿಗಿಯಾಗಿ ನೇಯ್ದ ಹತ್ತಿಯ ಜಮಖಾನ ಒಳ್ಳೆಯದು. ನಮ್ಮಲ್ಲಿ ನವಲಗುಂದದ ಹಳೆಯ ಜಮಖಾನವೊಂದು ಮೊಲಗಳ ಪಾಲಾಗಿದೆ, ಅತಿಥಿಗಳು ಬಂದಾಗ ವಿಷಾದಿಸುತ್ತಾರೆ. ಅದರ ಮೇಲೆ ಒಣಹುಲ್ಲು ದಪ್ಪಗೆ ಹರಡಿ ದಿನವೂ ಬದಲಿಸಿರಿ. ಕೌದಿಯ ಕಥೆಯನ್ನು ಮೇಲೆ ಹೇಳಿದ್ದೇನೆ.

ಹೊಲದಲ್ಲಿ ಕುಂಟುತ್ತಿದ್ದ ಮೊಲದ ಮರಿ ಸಿಕ್ಕಿದೆ. ಅದನ್ನೂ ಹೀಗೆಯೇ ಸಾಕಬಹುದೇ?

ಅದು ಬೇರೆಯೇ ಪ್ರಾಣಿ. ಪಂಜರದ ಮೊಲಗಳು ಯುರೋಪಿನ ಮೂಲದವು. ನಮ್ಮ ಹೊಲ, ಕುರುಚಲುಗಳಲ್ಲಿರುವ ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಗಾಯವಿಲ್ಲದ ಮರಿ ಒಂಟಿಯಾಗಿ ಕೂತಿದ್ದರೆ ತಾಯಿ ಬಿಟ್ಟುಹೋಗಿದೆ ಎಂದಲ್ಲ, ಅದು ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ, ಮರಿಯನ್ನು ಅಲ್ಲಿಯೇ ಬಿಡಿರಿ. ಗಾಯವಾಗಿದ್ದರೆ ಕತ್ತಲೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹಸುವಿನ ಹಾಲು ಕುಡಿಸುವ ಗೋಜಿಗೆ ಹೋಗದೆ, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಅಂದೇ ಒಪ್ಪಿಸಿರಿ.